ನೀರು ಕೇಳದ ಅಡವಿ ಈರುಳ್ಳಿ

ಏಪ್ರಿಲ್ ತಿಂಗಳಲ್ಲಿ ಹರಿಯಬ್ಬೆ ಕಡೆಯ ಹೊಲಗಳಲ್ಲಿ ಕಣ್ಣು ನಿಲ್ಲುವಂಥದ್ದು ಏನೂ ಇರುವುದಿಲ್ಲ. ಶೇಂಗಾ ಕಿತ್ತು ತಿಂಗಳುಗಳಾಗಿರುತ್ತವೆ. ಈರುಳ್ಳಿ ಬೆಳೆದಿದ್ದ ಮಡಿಗಳಲ್ಲಿ ಒಣ ಸಿಪ್ಪೆ ಗಾಳಿಗೆ ಹಾರಾಡುತ್ತದೆ. ಬೋರು ಇದ್ದವರ ತೋಟದಲ್ಲಿ ತೆಂಗು, ಅಡಿಕೆ ಹಸಿರಾಗಿ ನಿಂತಿರುತ್ತವೆ. ಉಳಿದದ್ದೆಲ್ಲ ಮಣ್ಣಿನ ಬಣ್ಣ. ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿ ಎಂದರೆ ಆಂಧ್ರದ ಗಡಿಗೆ ಒತ್ತಿಕೊಂಡ ಸೀಮೆ. ವರ್ಷದ ಮಳೆ ಸಾಮಾನ್ಯವಾಗಿ 600 ಮಿಲಿಮೀಟರ್ ಮುಟ್ಟುವುದಿಲ್ಲ. ಬೀಳುವುದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಕಾಯ್ದು ಕಾಯ್ದು ಸಾಕಾದ ಮೇಲೆ. ಬಯಲುಸೀಮೆಯ ಇಂಥ ನೆಲದಲ್ಲಿ, ಬೇಸಿಗೆ ನೆತ್ತಿಗೇರಿದಾಗ, ಕಲ್ಲು ಬದುವಿನ ಸಂದಿನಿಂದಲೋ ಗೋಮಾಳದ ಗರಸಿನಿಂದಲೋ ಒಂದು ಬೋಳು ಕಡ್ಡಿ ನೆಟ್ಟಗೆ ಎದ್ದು ನಿಲ್ಲುತ್ತದೆ. ಬುಡದಲ್ಲಿ ಒಂದು ಎಲೆಯೂ ಇಲ್ಲ. ಯಾರೋ ಗುರುತಿಗೆಂದು ನೆಟ್ಟು ಮರೆತುಹೋದಂತೆ ಕಾಣುವ ಆ ಕಡ್ಡಿಯ ಮೇಲರ್ಧದಲ್ಲಿ, ಒಂದರಿಂದೊಂದು ದೂರ ದೂರವಾಗಿ, ತಲೆ ಬಗ್ಗಿಸಿದ ಪುಟ್ಟ ಗಂಟೆಯಂಥ ಹೂಗಳು. ಬಣ್ಣ ಕಂದೋ ಹಸಿರೋ ಎಂದು ಹೇಳುವುದು ಕಷ್ಟ.

ಇದು ಅಡವಿ ಈರುಳ್ಳಿ. ಕಾಡು ಈರುಳ್ಳಿ ಎನ್ನುವವರೂ ಇದ್ದಾರೆ. ಗಡಿ ದಾಟಿ ಮಡಕಶಿರಾ ಕಡೆ ಹೋದರೆ ತೆಲುಗಿನವರಿಗೆ ಇದು ನಕ್ಕ ಉಲ್ಲಿಗಡ್ಡ, ತಮಿಳರಿಗೆ ನರಿ ವೆಂಗಾಯಂ, ಆಯುರ್ವೇದದವರಿಗೆ ವನಪಲಾಂಡು. ಸಸ್ಯವಿಜ್ಞಾನಿಗಳು ಡ್ರಿಮಿಯಾ ಇಂಡಿಕಾ ಎಂದು ಬರೆಯುತ್ತಾರೆ. ಹಳೆಯ ಪುಸ್ತಕಗಳಲ್ಲಿ ಇದೇ ಗಿಡ ಅರ್ಜಿನಿಯಾ ಇಂಡಿಕಾ. ಅದಕ್ಕೂ ಹಿಂದೆ ವಿಲಿಯಂ ರಾಕ್ಸ್‌ಬರ್ಗ್ ಇಟ್ಟ ಹೆಸರು ಸಿಲ್ಲಾ ಇಂಡಿಕಾ. ಮನೆಯ ಹಿತ್ತಲಲ್ಲಿ ನಮ್ಮ ನೆಲದ್ದೇ ಒಂದು ಕಾಡುಹೂವಿನ ಗೆಡ್ಡೆ ಬೆಳೆಸಬೇಕು, ಆದರೆ ನೀರಿಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಗಿಡ ನನಗೆ ಗೊತ್ತಿಲ್ಲ. ಅಂದದ ಲೆಕ್ಕದಲ್ಲಿ ಇದನ್ನು ಮೀರಿಸುವ ಗೆಡ್ಡೆಗಳು ಬೇಕಾದಷ್ಟಿವೆ. ಬೇಸಿಗೆಯಲ್ಲಿ ತೋಟಕ್ಕೆ ತೋಟವೇ ಸತ್ತಂತಿರುವಾಗ ಹೂ ಬಿಡುವುದು ಮಾತ್ರ ಇದೊಂದೇ.

ಮಾತು ಮುಂದುವರಿಸುವ ಮೊದಲು ಒಂದು ಎಚ್ಚರಿಕೆ. ಹೆಸರಿನಲ್ಲಿ ಈರುಳ್ಳಿ ಇದೆ, ಆಕಾರವೂ ಈರುಳ್ಳಿಯದೇ, ಆದರೆ ಗೆಡ್ಡೆ ವಿಷ. ಹಳ್ಳಿಯ ಮಕ್ಕಳಿಗೆ ಇದು ಬೈಗುಳದ ಜೊತೆಯಲ್ಲೇ ಗೊತ್ತಾಗುತ್ತದೆ.

“ಅಜ್ಜೀ, ಇಷ್ಟ್ ದೊಡ್ಡ ಈರುಳ್ಳಿ ನೋಡಿಲ್ಲಿ!”

“ಬಿಸಾಕೋ ಅದ್ನ, ಕೈ ತೊಳ್ಕೊ ಹೋಗು. ದನಾನೂ ಬಾಯಿ ಹಾಕಲ್ಲ ಅದಕ್ಕೆ.”

ಅಜ್ಜಿಯ ಮಾತಿನ ಎರಡನೇ ಭಾಗದಲ್ಲಿ ಈ ಗಿಡದ ಇಡೀ ಬದುಕಿನ ಗುಟ್ಟಿದೆ. ಕುರಿ, ಮೇಕೆ, ದನ ಎಲ್ಲವನ್ನೂ ಬೋಳಿಸಿ ಬಿಡುವ ಗೋಮಾಳದಲ್ಲಿ ರಸಭರಿತ ಗೆಡ್ಡೆಯೊಂದು ಉಳಿಯಬೇಕಾದರೆ ಅದರೊಳಗೆ ಏನಾದರೂ ಇರಲೇಬೇಕು. ಇರುವುದು ಹೃದಯದ ಮೇಲೆ ಕೆಲಸ ಮಾಡುವ ಗ್ಲೈಕೋಸೈಡುಗಳು: ಸಿಲ್ಲಾರೆನ್, ಪ್ರೋಸಿಲ್ಲಾರಿಡಿನ್ ಮುಂತಾದವು. ಜೀವಕೋಶದ ಪೊರೆಯಲ್ಲಿ ಸೋಡಿಯಂ ಹೊರಗೆ ಹಾಕಿ ಪೊಟ್ಯಾಸಿಯಂ ಒಳಗೆ ತರುವ ಒಂದು ಪಂಪು ಇರುತ್ತದಲ್ಲ, ಇವು ಅದನ್ನು ಹಿಡಿದು ನಿಲ್ಲಿಸುತ್ತವೆ. ಅತಿ ಸಣ್ಣ ಪ್ರಮಾಣದಲ್ಲಿ ಹೃದಯದ ಬಡಿತಕ್ಕೆ ಬಲ ಬರುತ್ತದೆ. ಸ್ವಲ್ಪ ಹೆಚ್ಚಾದರೆ ಲಯವೇ ತಪ್ಪುತ್ತದೆ. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ತೀರಾ ಕಿರಿದು. ಹಾಗಾಗಿ ಮನೆಮದ್ದಿನ ಪ್ರಯೋಗ ಬೇಡವೇ ಬೇಡ. ಹಸಿ ಗೆಡ್ಡೆಯ ಲೋಳೆ ಚರ್ಮಕ್ಕೆ ತಗುಲಿದರೂ ಕೆಲವರಿಗೆ ವಿಪರೀತ ತುರಿಕೆಯಾಗುತ್ತದೆ. ಸೂಜಿಯಂಥ ಸುಣ್ಣದ ಹರಳುಗಳು ಚುಚ್ಚುವುದರಿಂದ ಹೀಗಾಗುತ್ತದೆ. ಕೈಗೆ ಗವುಸು ಹಾಕಿಕೊಳ್ಳಿ, ಇಲ್ಲವೇ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಿ.

ಈ ವಿಷಕ್ಕೆ ಉದ್ದನೆಯ ಚರಿತ್ರೆಯಿದೆ. ಮೆಡಿಟರೇನಿಯನ್ ತೀರದಲ್ಲಿ ನಮ್ಮ ಗಿಡದ ಹತ್ತಿರದ ಸಂಬಂಧಿ ಡ್ರಿಮಿಯಾ ಮಾರಿಟಿಮಾ ಬೆಳೆಯುತ್ತದೆ. ಅದನ್ನು ಸ್ಕ್ವಿಲ್ ಎನ್ನುತ್ತಾರೆ. ಮೈಯಲ್ಲಿ ನೀರು ತುಂಬಿ ಊದಿಕೊಳ್ಳುವ ಕಾಯಿಲೆಗೆ ಯುರೋಪಿನ ವೈದ್ಯರು ಇದನ್ನು ಶತಮಾನಗಳ ಕಾಲ ಕೊಟ್ಟರು. 1785ರಲ್ಲಿ ವಿಲಿಯಂ ವಿದರಿಂಗ್ ಡಿಜಿಟಾಲಿಸ್ ಗಿಡದ ಬಗ್ಗೆ ಪುಸ್ತಕ ಬರೆದ ಮೇಲಷ್ಟೇ ಸ್ಕ್ವಿಲ್‌ಗೆ ಒಬ್ಬ ಎದುರಾಳಿ ಹುಟ್ಟಿಕೊಂಡ. ಕೆಮ್ಮಿನ ಸಿರಪ್ಪಿನಲ್ಲಿ ಕಫ ಕರಗಿಸುವ ವಸ್ತುವಾಗಿ ಸ್ಕ್ವಿಲ್ ಬಹಳ ಕಾಲ ಇತ್ತು, ಮತ್ತು ನಮ್ಮ ಅಡವಿ ಈರುಳ್ಳಿ ‘ಇಂಡಿಯನ್ ಸ್ಕ್ವಿಲ್’ ಎಂಬ ಹೆಸರಿನಲ್ಲಿ ಅದಕ್ಕೆ ಬದಲಿಯಾಗಿ ಔಷಧಕೋಶದಲ್ಲಿ ಸ್ಥಾನ ಪಡೆಯಿತು. ಸ್ಕ್ವಿಲ್‌ನ ಕೆಂಪು ತಳಿಯದು ಇನ್ನೊಂದು ಕಥೆ. ಅದರಿಂದ ಇಲಿ ಪಾಷಾಣ ಮಾಡುತ್ತಿದ್ದರು. ಬೆಕ್ಕು, ನಾಯಿ ತಿಂದರೆ ವಾಂತಿ ಮಾಡಿಕೊಂಡು ಬಚಾವಾಗುವ ಸಾಧ್ಯತೆ ಇತ್ತು. ಇಲಿಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ.

ಮೆಡಿಟರೇನಿಯನ್ ಕಡೆಯ ಇನ್ನೆರಡು ಸಂಗತಿಗಳನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅವು ನಮ್ಮ ಹಿತ್ತಲಿಗೂ ಬೇಕಾದವು. ಅಲ್ಲಿನ ರೈತರು ಸ್ಕ್ವಿಲ್ ಗೆಡ್ಡೆಯನ್ನು ಹೊಲದ ಗಡಿ ಗುರುತಿಗೆ ನೆಡುತ್ತಿದ್ದರು. ಇಸ್ರೇಲಿನ ಕುಲಗಳಿಗೆ ನೆಲ ಹಂಚುವಾಗ ಜೋಶುವಾ ಇದರಿಂದಲೇ ಎಲ್ಲೆ ಗುರುತಿಸಿದ ಎಂಬ ಐತಿಹ್ಯ ಯಹೂದ್ಯರ ತಾಲ್ಮುಡ್‌ನಲ್ಲಿದೆ. ಬದುವಿನ ಕಲ್ಲನ್ನು ರಾತ್ರೋರಾತ್ರಿ ಸರಿಸಬಹುದು. ಆಳದಲ್ಲಿ ಬೇರೂರಿದ ಗೆಡ್ಡೆಗಳ ಸಾಲನ್ನು ಸರಿಸುವುದು ಅಷ್ಟು ಸುಲಭವಲ್ಲ. ಇನ್ನೊಂದು, ಕ್ರೀಟ್ ದ್ವೀಪದಲ್ಲಿ ಹೊಸ ವರ್ಷಕ್ಕೆ ಮನೆಬಾಗಿಲಿಗೆ ಸ್ಕ್ವಿಲ್ ಗೆಡ್ಡೆ ತೂಗುಹಾಕುವ ಪದ್ಧತಿ. ಮಣ್ಣಿನಿಂದ ಕಿತ್ತು ನೇತುಹಾಕಿದರೂ ಅದು ಚಿಗುರುತ್ತದೆ, ಹೂವನ್ನೂ ಬಿಡುತ್ತದೆ ಎನ್ನುವುದೇ ಅದಕ್ಕೆ ಬಂದ ಮರ್ಯಾದೆಗೆ ಕಾರಣ. ಹೂವಿಗೆ ಬೇಕಾದ ನೀರು, ಹಿಟ್ಟು ಎಲ್ಲವೂ ಗೆಡ್ಡೆಯೊಳಗೇ ಇರುತ್ತದೆ. ಹೊರಗಿನಿಂದ ಯಾರೂ ಏನೂ ಕೊಡಬೇಕಾಗಿಲ್ಲ.

ಅಡವಿ ಈರುಳ್ಳಿ ಬೆಳೆಸುವ ವಿದ್ಯೆಯೆಲ್ಲ ಇಷ್ಟರಲ್ಲೇ ಅಡಗಿದೆ. ಈ ಗಿಡ ಸಾಯುವುದು ನೀರಿಲ್ಲದೆ ಅಲ್ಲ, ನೀರಿನಿಂದ.

ಗೆಡ್ಡೆಯೊಂದನ್ನು ಉದ್ದುದ್ದ ಸೀಳಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಹೊರಗೆ ಕಾಗದದಂಥ ಒಣ ಸಿಪ್ಪೆಯ ಹಲವು ಸುತ್ತು. ಅದನ್ನು ಸುಲಿದರೆ ಬಿಳಿಯ ದಪ್ಪ ಪದರಗಳು, ಒಂದರೊಳಗೊಂದು. ಇಲ್ಲಿಯವರೆಗೂ ಅಡುಗೆಮನೆಯ ಈರುಳ್ಳಿಯೇ. ಆದರೆ ಕಣ್ಣಲ್ಲಿ ನೀರು ಬರುವುದಿಲ್ಲ, ಆ ಗಂಧಕದ ಘಾಟು ಇಲ್ಲವೇ ಇಲ್ಲ. ಸೀಳಿದ ಜಾಗದಿಂದ ಲೋಳೆ ಇಳಿಯುತ್ತದೆ, ಬೆರಳಿಗೆ ಅಂಟಿಕೊಂಡು ನೂಲಿನಂತೆ ಎಳೆ ಬರುತ್ತದೆ. ನೀರನ್ನು ಹಿಡಿದಿಟ್ಟುಕೊಂಡು ಬಿಡದ ಪದಾರ್ಥ ಅದು. ಪದರಗಳೆಲ್ಲ ಕೆಳಗೆ ಒಂದು ಗಟ್ಟಿಯಾದ ಚಪ್ಪಟೆ ತಳಕ್ಕೆ ಕೂಡಿಕೊಂಡಿರುತ್ತವೆ. ಬೇರು ಹುಟ್ಟುವುದು ಆ ತಳದಿಂದ, ಹೊಸ ಚಿಗುರಿನ ಮೂಲವೂ ಅಲ್ಲಿಯೇ. ತಳ ಕೊಳೆಯಿತೆಂದರೆ ಮುಗಿಯಿತು, ಮೇಲಿನದೆಲ್ಲ ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಒಳಗೆ ಇಷ್ಟು ನೀರು ತುಂಬಿಕೊಂಡ ಗೆಡ್ಡೆ, ಎಲೆಯೂ ಇಲ್ಲದೆ ಬೇರೂ ಒಣಗಿ ಮಲಗಿರುವಾಗ ಸುತ್ತಲಿನ ಮಣ್ಣು ಒದ್ದೆಯಾಗಿಯೇ ಇದ್ದರೆ ಆ ತೇವ ಕುಡಿಯಲು ಅದಕ್ಕೆ ಬಾಯಿಯೇ ಇಲ್ಲ. ಬೂಷ್ಟಿಗೆ ಮಾತ್ರ ಹಬ್ಬ.

ವೈಜ್ಞಾನಿಕವಾಗಿ ಈಗ ಈರುಳ್ಳಿಗೂ ಇದಕ್ಕೂ ಹತ್ತಿರದ ನಂಟಿಲ್ಲ. ಹಿಂದೆ ಎರಡನ್ನೂ ಲಿಲ್ಲಿ ಕುಟುಂಬದಲ್ಲಿ ಕೂಡಿಸಿದ್ದರು. ಈಗ ಈರುಳ್ಳಿ ಅಮರಿಲ್ಲಿಸ್ ಕುಟುಂಬಕ್ಕೆ, ಅಡವಿ ಈರುಳ್ಳಿ ಶತಾವರಿಯ ಕುಟುಂಬಕ್ಕೆ ಹೋಗಿವೆ. ಬೇಸಾಯದಲ್ಲಂತೂ ಎರಡೂ ತದ್ವಿರುದ್ಧ. ಹಿರಿಯೂರು, ಚಳ್ಳಕೆರೆ ಭಾಗದ ರೈತ ಮುಂಗಾರಿನಲ್ಲಿ ಈರುಳ್ಳಿ ಬಿತ್ತಿ, ಕಳೆ ಕಿತ್ತು, ಗೊಬ್ಬರ ಕೊಟ್ಟು, ಔಷಧಿ ಹೊಡೆದು, ಕಿತ್ತು, ಒಣಗಿಸಿ, ಕೊನೆಗೆ ಯಶವಂತಪುರದ ದರ ಕೇಳಿ ತಲೆಮೇಲೆ ಕೈಹೊತ್ತು ಕೂರುತ್ತಾನೆ. ಅದೇ ಹೊಲದ ಬದುವಿನಲ್ಲಿರುವ ಇನ್ನೊಂದು ಈರುಳ್ಳಿ ಯಾರ ಹಂಗೂ ಇಲ್ಲದೆ ಹತ್ತಾರು ವರ್ಷ ಬದುಕುತ್ತದೆ. ಮಾರುಕಟ್ಟೆಗೆ ಬೇಡದಿರುವುದರಲ್ಲಿ ಇಷ್ಟೊಂದು ನೆಮ್ಮದಿ ಇದೆ ಎಂದು ಅದಕ್ಕೆ ಗೊತ್ತಿರಲಾರದು.

ಅದರ ವರ್ಷಚಕ್ರವನ್ನು ಇಂಗ್ಲಿಷ್ ತಿಂಗಳಿಗಿಂತ ಮಳೆ ನಕ್ಷತ್ರದಲ್ಲಿ ಹೇಳುವುದೇ ಸರಿ. ಅಶ್ವಿನಿ, ಭರಣಿಯ ಆಸುಪಾಸಿನಲ್ಲಿ ಹೂಕಡ್ಡಿ. ಕೆಲವು ಕಡೆ ಇನ್ನೂ ಮುಂಚೆ, ಮಾರ್ಚಿನಲ್ಲೇ. ಹೂಗಳು ಕಡ್ಡಿಯ ಕೆಳಗಿನಿಂದ ಮೇಲಕ್ಕೆ ಸರದಿಯಲ್ಲಿ ಅರಳುತ್ತವೆ. ಒಂದೊಂದು ಹೂವಿನ ಆಯುಷ್ಯ ಬಹಳ ಕಡಿಮೆ, ಆದರೆ ಸರದಿ ದಿನಗಟ್ಟಲೆ ನಡೆಯುತ್ತದೆ. ಕೆಳಗೆ ಕಾಯಿ ಕಟ್ಟುತ್ತಿರುವಾಗ ತುದಿಯಲ್ಲಿ ಮೊಗ್ಗು ಇನ್ನೂ ಬಿಗಿದುಕೊಂಡಿರುತ್ತದೆ. ಮೂರು ಮೂಲೆಯ ಆ ಕಾಯಿ ಒಣಗಿ ಬಿರಿದಾಗ ಒಳಗೆ ಕರಿ ಕಾಗದದ ಚೂರಿನಂಥ ಚಪ್ಪಟೆ ಬೀಜಗಳು. ಮುಂಗಾರು ಹಿಡಿಯುವ ಮುನ್ನ ಬೀಸುವ ಗಾಳಿಗೆ ಅವು ಹಾರಿಹೋಗುತ್ತವೆ, ಹಿಂದೆಯೇ ಮಳೆ ಬರುತ್ತದೆ. ಹೂಕಡ್ಡಿ ಬಿದ್ದುಹೋದ ಮೇಲೆ, ರೋಹಿಣಿ, ಮೃಗಶಿರದ ಹದಕ್ಕೆ ಎಲೆಗಳ ಸರದಿ. ಪಟ್ಟಿಯಂಥ ಉದ್ದನೆಯ ಎಲೆಗಳು ಬುಡದಿಂದ ಗೊಂಚಲಾಗಿ ಏಳುತ್ತವೆ. ಹಸ್ತೆ, ಚಿತ್ತೆಯ ಮಳೆ ಮುಗಿಯುವವರೆಗೂ ಅದಕ್ಕೆ ದುಡಿಮೆಯ ಕಾಲ. ಹಿಂಗಾರು ಹೋಗಿ ಚಳಿ ಬಂದಂತೆ ಎಲೆ ಹಳದಿಯಾಗಿ ಒಣಗುತ್ತದೆ. ಆಮೇಲೆ ಮತ್ತೆ ಬೇಸಿಗೆಯವರೆಗೆ ನೆಲದ ಮೇಲೆ ಏನೂ ಇಲ್ಲ.

ಹೂವೂ ಎಲೆಯೂ ಎಂದೂ ಮುಖ ನೋಡಿಕೊಳ್ಳದ ಈ ವ್ಯವಸ್ಥೆ ವಿಚಿತ್ರ ಅನ್ನಿಸಬಹುದು. ಲೆಕ್ಕ ಹಾಕಿದರೆ ಬಹಳ ಜಾಣತನದ್ದು. ಬೀಜ ಮೊಳೆಯಬೇಕಾದ್ದು ಮಳೆಯ ಆರಂಭದಲ್ಲಿ. ಹಾಗಿದ್ದರೆ ಅದು ಮಳೆಗೂ ಮೊದಲೇ ಬಲಿತಿರಬೇಕು, ಹೂವು ಅದಕ್ಕೂ ಮೊದಲು ಬರಬೇಕು. ಆ ಸಮಯದಲ್ಲಿ ಎಲೆ ಇಟ್ಟುಕೊಂಡರೆ ಬಿಸಿಲಿಗೆ ನೀರು ಆವಿಯಾಗಿ ನಷ್ಟ. ಹೋದ ವರ್ಷದ ಮಳೆಗಾಲದಲ್ಲಿ ಕೂಡಿಟ್ಟ ಗಂಟಿನಿಂದ ಈ ವರ್ಷದ ಹೂವು. ಹುಲ್ಲು ಒಣಗಿ ನೆಲ ಬೋಳಾಗಿರುವಾಗ ಎತ್ತರಕ್ಕೆ ನಿಂತ ಹೂಕಡ್ಡಿ ದುಂಬಿ, ಜೇನಿಗೆ ದೂರದಿಂದಲೇ ಕಾಣುತ್ತದೆ, ಪೈಪೋಟಿಗೆ ಬೇರೆ ಹೂವೂ ಇರುವುದಿಲ್ಲ. ಗ್ರೀಸಿನ ಥಿಯೋಫ್ರಾಸ್ಟಸ್ 2,300 ವರ್ಷಗಳ ಹಿಂದೆಯೇ ಸ್ಕ್ವಿಲ್‌ನ ಹೂವಿನ ಬಗ್ಗೆ ಬರೆಯುತ್ತಾ, ಅದು ಹೂಬಿಡುವುದನ್ನು ನೋಡಿ ಉಳುಮೆಯ ಕಾಲ ಗುರುತಿಸುತ್ತಿದ್ದರೆಂದು ದಾಖಲಿಸಿದ್ದಾನೆ.

ಈಗ ಹಿತ್ತಲಿಗೆ ಬರೋಣ.

ಗೆಡ್ಡೆ ಎಲ್ಲಿಂದ ತರುವುದು ಎನ್ನುವುದೇ ಮೊದಲ ತೊಡಕು. ನರ್ಸರಿಗಳಲ್ಲಿ ಸಿಗುವುದಿಲ್ಲ. ‘ಗೆಡ್ಡೆ ಹೂವು’ ಎಂದು ಕೇಳಿದರೆ ಅವರು ಕೊಡುವುದು ಸುಗಂಧರಾಜ, ಮಳೆ ಲಿಲ್ಲಿ, ಫುಟ್‌ಬಾಲ್ ಲಿಲ್ಲಿ. ಸುಗಂಧರಾಜ ಮೆಕ್ಸಿಕೋದ್ದು, ಮಳೆ ಲಿಲ್ಲಿ ಅಮೆರಿಕ ಖಂಡದ್ದು, ಫುಟ್‌ಬಾಲ್ ಲಿಲ್ಲಿ ಆಫ್ರಿಕದ್ದು. ಹಬ್ಬದ ತೋರಣಕ್ಕೆ ಕಟ್ಟುವ ಚೆಂಡು ಹೂವೇ ಮೆಕ್ಸಿಕೋದಿಂದ ಬಂದದ್ದಾಗಿರುವಾಗ ಪರದೇಶಿ ಹೂವಿನ ಮೇಲೆ ನನಗೇನೂ ಕೋಪವಿಲ್ಲ. ಆದರೆ ನೂರೆಂಟು ವಿದೇಶಿ ಗೆಡ್ಡೆ ಮಾರುವ ಅಂಗಡಿಯಲ್ಲಿ ಇಲ್ಲಿನದೇ ಒಂದು ಇಲ್ಲದಿರುವುದು ಸೋಜಿಗ.

ಹಾಗೆಂದು ಗುದ್ದಲಿ ಹಿಡಿದು ಕಾಡಿಗೆ ಹೋಗಬೇಡಿ. ಚಿತ್ರದುರ್ಗದ ಜೋಗಿಮಟ್ಟಿ ವನ್ಯಜೀವಿಧಾಮ. ಅಲ್ಲಿಂದ ಗೆಡ್ಡೆಯಿರಲಿ, ಒಂದು ಎಲೆ ಕಿತ್ತು ತರುವುದೂ ಕಾನೂನಿಗೆ ವಿರುದ್ಧ. ಬೇರೆ ಅರಣ್ಯ ಭೂಮಿಗೂ ಅರಣ್ಯ ಕಾಯ್ದೆ ಇದ್ದೇ ಇದೆ. ಗೆಡ್ಡೆ ಸಿಗುವ ನ್ಯಾಯವಾದ ದಾರಿ ಎರಡು. ಒಂದು, ಸ್ವಂತ ಅಥವಾ ಪರಿಚಯದವರ ಹೊಲದಲ್ಲಿ ಜೆಸಿಬಿ ತಂದು ಬದು ಕೀಳಿಸುವಾಗ, ನೆಲ ಸಮ ಮಾಡಿಸುವಾಗ ಮೇಲೆ ಬೀಳುವ ಗೆಡ್ಡೆಗಳು. ಅಡಿಕೆ ತೋಟ ಎಬ್ಬಿಸುವ ಹುರುಪಿನಲ್ಲಿ ಈ ಕೆಲಸ ಈಗ ಎಲ್ಲೆಡೆ ನಡೆದೇ ಇದೆ. ಮಾಲೀಕರನ್ನು ಕೇಳಿ ಎತ್ತಿಕೊಂಡು ಬಂದರೆ ತಿಪ್ಪೆ ಸೇರುವ ಜೀವ ಉಳಿದೀತು. ಎರಡು, ಬೀಜ. ಮೇ ತಿಂಗಳಲ್ಲಿ ಬಿರಿಯುವ ಕಾಯಿಗೆ ತೆಳು ಬಟ್ಟೆ ಕಟ್ಟಿದರೆ ಒಂದೇ ಕಡ್ಡಿಯಿಂದ ಬೇಕಾದಷ್ಟು ಸಿಗುತ್ತದೆ.

ಗೆಡ್ಡೆ ನೆಡಲು ಸರಿಯಾದ ಕಾಲ ಅದು ಮಲಗಿರುವಾಗ, ಎಂದರೆ ಸಂಕ್ರಾಂತಿಯಿಂದ ಯುಗಾದಿಯವರೆಗೆ. ಹೊಸದಾಗಿ ಅಗೆದ ಗೆಡ್ಡೆಗೆ ಹಾರೆಯೋ ಜೆಸಿಬಿಯ ಹಲ್ಲೋ ತಗುಲಿ ಗಾಯವಾಗಿದ್ದರೆ ಕೆಟ್ಟ ಭಾಗ ಕತ್ತರಿಸಿ, ಒಲೆ ಬೂದಿ ಮೆತ್ತಿ, ನೆರಳಿನಲ್ಲಿ ಒಂದು ವಾರ ಗಾಳಿಗೆ ಬಿಡಬೇಕು. ಗಾಯ ಒಣಗದೆ ಮಣ್ಣಿಗಿಟ್ಟರೆ ಕೊಳೆಯುವುದು ಖಾತ್ರಿ. ಜಾಗ ಇಡೀ ದಿನ ಬಿಸಿಲು ಬೀಳುವಂಥದ್ದಾಗಿರಬೇಕು, ಸುತ್ತಲಿಗಿಂತ ಗೇಣು ಎತ್ತರವಿದ್ದರೆ ಒಳ್ಳೆಯದು. ಕೆಂಪು ಮಣ್ಣು, ಗರಸು, ದಪ್ಪ ಮರಳು ಬೆರೆಸಿದ ನೆಲ ಇದಕ್ಕೆ ಹೇಳಿ ಮಾಡಿಸಿದ್ದು. ಹಿರಿಯೂರು ತಾಲ್ಲೂಕಿನಲ್ಲಿ ಕೆಂಪು ನೆಲವೂ ಇದೆ, ಎರೆ ನೆಲವೂ ಇದೆ. ಎರೆಯಲ್ಲಿ ಮಳೆ ನೀರು ದಿನಗಟ್ಟಲೆ ನಿಲ್ಲುವುದರಿಂದ ಅಲ್ಲಿನವರು ಕಲ್ಲು, ಇಟ್ಟಿಗೆ ಚೂರು ಹಾಕಿ ದಿಬ್ಬ ಮಾಡಿಕೊಳ್ಳಲೇಬೇಕು. ಎಲ್ಲಾ ವರ್ಷವೂ ಬರವಲ್ಲ ಎನ್ನುವುದನ್ನು ನೆನಪಿಡಿ. ವೇದಾವತಿಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ಬಳಿಕ ಮೊದಲ ಸಲ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ಒಂದು ವರ್ಷ ಸಾಕು, ತಗ್ಗಿನಲ್ಲಿ ನೆಟ್ಟ ಗೆಡ್ಡೆಯನ್ನೆಲ್ಲ ಗೊಜ್ಜು ಮಾಡಿಬಿಡಲು.

ಆಳದ ವಿಷಯದಲ್ಲಿ ಆತುರ ಬೇಡ. ಗೆಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಷ್ಟು ಕೂರಿಸಿದರೆ ಸಾಕು. ಇಂಥ ಎಷ್ಟೋ ಗೆಡ್ಡೆಗಿಡಗಳಿಗೆ ಸುಕ್ಕುಗಟ್ಟುವ ಬೇರುಗಳಿರುತ್ತವೆ. ಕೆಳಗೆ ಕಚ್ಚಿ ಹಿಡಿದು, ತಾವೇ ಕುಗ್ಗಿ, ಗೆಡ್ಡೆಯನ್ನು ಬೇಕಾದಷ್ಟು ಆಳಕ್ಕೆ ಎಳೆದುಕೊಳ್ಳುತ್ತವೆ. ಗೊಬ್ಬರ ಹೆಚ್ಚು ಬೇಕಿಲ್ಲ. ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬೊಗಸೆ, ಅದೂ ಎಲೆ ಬಂದ ಮೇಲೆ, ಬುಡದಿಂದ ಸ್ವಲ್ಪ ದೂರಕ್ಕೆ. ಹಸಿ ಸಗಣಿ, ಯೂರಿಯಾ ಎರಡೂ ಬೇಡ. ಕುಂಡದಲ್ಲಿ ಬೆಳೆಸುವವರು ಮಣ್ಣಿನ ಕುಂಡವನ್ನೇ ಆರಿಸಿಕೊಳ್ಳಲಿ; ಪ್ಲಾಸ್ಟಿಕ್ಕಿನಲ್ಲಿ ತೇವ ಆರುವುದು ನಿಧಾನ.

ನೀರಿನ ಮಾತು. ಈ ಸೀಮೆಯಲ್ಲಿ ಡ್ರಿಪ್ ಇಲ್ಲದ ತೋಟ ಅಪರೂಪ, ಮನೆ ಮುಂದಿನ ನಾಲ್ಕು ಗಿಡಕ್ಕೂ ಒಂದು ಪೈಪು ಎಳೆದಿರುತ್ತಾರೆ. ಸಾವಿರ ಅಡಿ ಕೊರೆಸಿ ತೆಗೆದ ನೀರು, ಎಲ್ಲರಿಗೂ ಹಂಚಿದಂತೆ ಇದಕ್ಕೂ ಒಂದು ಹನಿ ಬೀಳಲಿ ಎಂಬ ಧಾರಾಳತನ ಸಹಜ. ಅದೇ ಇದಕ್ಕೆ ಮೃತ್ಯು. ಡ್ರಿಪ್ ಸಾಲಿನಿಂದ ಕನಿಷ್ಠ ನಾಲ್ಕೈದು ಅಡಿ ದೂರವಿರಲಿ. ಎಲೆ ಇರುವ ಕಾಲದಲ್ಲಿ, ಜುಲೈ, ಆಗಸ್ಟಿನಲ್ಲಿ ಮಳೆ ತೀರಾ ಕೈಕೊಟ್ಟರೆ ವಾರಕ್ಕೊಂದು ತಂಬಿಗೆ ಹಾಕಬಹುದು. ಎಲೆ ಹಳದಿಯಾಗಲು ಶುರುವಾದ ದಿನದಿಂದ ಮುಂದಿನ ಮುಂಗಾರಿನವರೆಗೆ ಒಂದು ಹನಿಯೂ ಕೂಡದು. ಹೂಕಡ್ಡಿ ಬಂದಾಗ ಸಂತೋಷಕ್ಕೆ ನೀರು ಹಾಕುವವರಿದ್ದಾರೆ. ಅದರ ಅಗತ್ಯವೇ ಇಲ್ಲ. ಹಳದಿಯಾದ ಎಲೆಯನ್ನು ಅಸಹ್ಯ ಕಾಣುತ್ತದೆಂದು ಕತ್ತರಿಸಬೇಡಿ. ಪೂರ್ತಿ ಒಣಗುವವರೆಗೂ ಅದು ತನ್ನಲ್ಲಿರುವುದನ್ನು ಗೆಡ್ಡೆಗೆ ಇಳಿಸುತ್ತಿರುತ್ತದೆ, ಮುಂದಿನ ಬೇಸಿಗೆಯ ಹೂವು ಆ ಲೆಕ್ಕದ ಮೇಲೆ ನಿಂತಿದೆ.

ಬೀಜದಿಂದ ಬೆಳೆಸುವುದು ತಾಳ್ಮೆಯ ಕೆಲಸ. ಹಳೆಯ ಬೀಜಕ್ಕಿಂತ ಅದೇ ಬೇಸಿಗೆಯ ಹೊಸ ಬೀಜವೇ ಲೇಸು. ಮೊದಲ ಹದ ಮಳೆ ಬಿದ್ದ ಮೇಲೆ ಮರಳು ಮಿಶ್ರಿತ ಮಣ್ಣಿನ ಮೇಲೆ ಹರಡಿ, ಮುಚ್ಚಿದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಮರಳು ಉದುರಿಸಬೇಕು. ಮೊಳಕೆ ಹುಲ್ಲಿನ ಗರಿಯಂತೆಯೇ ಇರುತ್ತದೆ, ಕಳೆ ಎಂದು ಕಿತ್ತು ಎಸೆಯುವ ಅಪಾಯ ಜಾಸ್ತಿ. ಮೊದಲ ವರ್ಷ ಗೆಡ್ಡೆ ಕಡಲೆ ಗಾತ್ರವಾದರೆ ಹೆಚ್ಚು. ಹೂವಿಗೆ ನಾಲ್ಕೈದು ವರ್ಷವಾದರೂ ಬೇಕು. ಅಷ್ಟು ಕಾಯಲಾರದವರಿಗೆ ಪದರದ ವಿಧಾನವಿದೆ. ದೊಡ್ಡ ಗೆಡ್ಡೆಯೊಂದನ್ನು ಮಲಗಿರುವ ಕಾಲದಲ್ಲಿ ಮೇಲಿನಿಂದ ಕೆಳಕ್ಕೆ ಹೋಳು ಮಾಡಿ, ಪ್ರತಿ ಹೋಳಿನಲ್ಲೂ ಎರಡು ಮೂರು ಪದರದ ಜೊತೆ ತಳದ ಒಂದು ಚೂರು ಇರುವಂತೆ ನೋಡಿಕೊಳ್ಳಬೇಕು. ಬೂದಿ ಹಚ್ಚಿ, ಒಣಗಿಸಿ, ಬರೀ ತೇವ ಹಿಡಿದ ಮರಳಿನಲ್ಲಿ ನೆರಳಿಗಿಟ್ಟರೆ ಪದರಗಳ ಬುಡದ ಸಂದಿನಲ್ಲಿ ಮುತ್ತಿನಂಥ ಮರಿಗೆಡ್ಡೆಗಳು ಮೂಡುತ್ತವೆ. ತಳದ ಚೂರಿಲ್ಲದ ಪದರ ಸಾಮಾನ್ಯವಾಗಿ ಕೊಳೆತು ಹೋಗುತ್ತದೆ.

ಅಡವಿ ಈರುಳ್ಳಿ ಒಂದೇ ಇದ್ದರೆ ಹಿತ್ತಲು ಮಳೆಗಾಲದಲ್ಲಿ ಸಪ್ಪೆ. ಅದೇ ಶಿಸ್ತಿಗೆ ಒಗ್ಗುವ ಇನ್ನೊಂದು ಗಿಡ ಗೌರಿ ಹೂ, ಅಗ್ನಿಶಿಖೆ ಎಂದೂ ಕರೆಯುವ ಗ್ಲೋರಿಯೋಸಾ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದರದು ಪದರದ ಗೆಡ್ಡೆಯಲ್ಲ, ನೇಗಿಲಿನಂತೆ ಬಾಗಿದ ಗೆಣಸು. ಅದಕ್ಕೇ ಸಂಸ್ಕೃತದಲ್ಲಿ ಲಾಂಗಲಿ. ಬೇಲಿಯ ಪೊದೆಯಲ್ಲಿ ಮಳೆಗಾಲದ ಆರಂಭಕ್ಕೆ ಚಿಗುರಿ, ಎಲೆಯ ತುದಿಯನ್ನೇ ಕೊಕ್ಕೆ ಮಾಡಿಕೊಂಡು ಹತ್ತಿ, ಗೌರಿ ಹಬ್ಬದ ಹೊತ್ತಿಗೆ ಅರಳುತ್ತದೆ. ಮೊದಲು ಹಸಿರು ಮಿಶ್ರಿತ ಹಳದಿ, ಆಮೇಲೆ ಬೆಂಕಿಯ ಕೆಂಪು. ಈ ಹೂವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎಸಳುಗಳು ಹಿಂದಕ್ಕೆ ಮಡಚಿಕೊಂಡಿರುತ್ತವೆ, ಕೇಸರಗಳು ಸುತ್ತಲೂ ಚಾಚಿರುತ್ತವೆ, ಶಲಾಕೆ ಮಾತ್ರ ಬುಡದಲ್ಲೇ ಸರಕ್ಕನೆ ಒಂದು ಪಕ್ಕಕ್ಕೆ ತಿರುಗಿ ಹೂವಿನಿಂದ ಹೊರಗೆ ನಿಂತಿರುತ್ತದೆ. ತನ್ನದೇ ಪರಾಗ ತನಗೆ ಸೋಕದಿರಲಿ ಎಂಬ ಏರ್ಪಾಡು ಅದು. ತಮಿಳುನಾಡಿನ ರಾಜ್ಯ ಪುಷ್ಪ ಇದೇ. ಅಲ್ಲಿನ ಒಣ ಜಿಲ್ಲೆಗಳಲ್ಲಿ ರೈತರು ಇದನ್ನು ಬೀಜಕ್ಕಾಗಿ ಹೊಲದಲ್ಲೇ ಬೆಳೆಯುತ್ತಾರೆ; ಸಂಧಿವಾತದ ಔಷಧಕ್ಕೆ ಬಳಕೆಯಾಗುವ ಕೋಲ್ಚಿಸಿನ್ ಆ ಬೀಜದಲ್ಲಿದೆ. ಗೆಣಸಿನಲ್ಲೂ ಇದೆ, ತಿಂದು ಸತ್ತವರಿದ್ದಾರೆ. ನೆಡುವಾಗ ನಾಜೂಕು ಬೇಕು. ಕವಲಿನ ತುದಿಯಲ್ಲಿರುವ ಮೊಳಕೆಯ ಕಣ್ಣು ಮುರಿದರೆ ಆ ಗೆಣಸು ನಿಷ್ಪ್ರಯೋಜಕ. ಇದರ ಎಲೆಗೆ ಕಪ್ಪು ಮೈಯ ಮೇಲೆ ಬಿಳಿ, ಕೆಂಪು ಚುಕ್ಕೆಗಳ ಒಂದು ಕಂಬಳಿ ಹುಳು ಗಂಟು ಬೀಳುತ್ತದೆ. ಬೆಳಗ್ಗೆ ಎದ್ದು ಕಡ್ಡಿಯಿಂದ ಎತ್ತಿ ಸೋಪಿನ ನೀರಿಗೆ ಹಾಕುವುದೇ ಸಲೀಸು.

ಮೊದಲ ಮಳೆಗೆ ಬಿಳಿ ಹೂ ಬಿಟ್ಟು ಮುಸ್ಸಂಜೆ ಘಮಗುಡುವ ಪಂಕ್ರೇಷಿಯಂ ಜಾತಿಯ ಕಾಡು ಲಿಲ್ಲಿಗಳೂ ಇದೇ ಬಳಗ. ಅವುಗಳ ಆರೈಕೆ ಇನ್ನೂ ಸುಲಭ. ಈ ಮೂರನ್ನೂ ಒಂದೇ ದಿಬ್ಬದ ಮೇಲೆ ಕೂಡಿಸಿದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದಾದ ಮೇಲೊಂದು ಹೂವಿರುತ್ತದೆ.

ಇವೆಲ್ಲ ಮೂಲತಃ ಹುಲ್ಲುಗಾವಲಿನ ಜೀವಿಗಳು. ಚಿತ್ರದುರ್ಗ ಜಿಲ್ಲೆ ಎಂದರೆ ಅಮೃತ ಮಹಲ್ ಕಾವಲುಗಳ ಜಿಲ್ಲೆ. ಚಳ್ಳಕೆರೆಯ ಸಾವಿರಾರು ಎಕರೆ ಕಾವಲು ವಿಜ್ಞಾನ ಸಂಸ್ಥೆಗಳಿಗೆ, ರಕ್ಷಣಾ ಸಂಶೋಧನೆಗೆ ಹೋದಾಗ ದನ ಮೇಯಿಸುವವರ ಹಕ್ಕಿನ ಬಗ್ಗೆ, ದೊರೆಹಕ್ಕಿಯ ಬಗ್ಗೆ ಚರ್ಚೆಯಾಯಿತು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ನೆಲದೊಳಗಿದ್ದವುಗಳ ಮಾತು ಅಷ್ಟಾಗಿ ಬರಲಿಲ್ಲ. ಬರುವುದಾದರೂ ಹೇಗೆ? ವರ್ಷದಲ್ಲಿ ಹೆಚ್ಚಿನ ದಿನ ಕಣ್ಣಿಗೇ ಕಾಣದ ಗಿಡ. ‘ಬಂಜರು’ ಎಂದು ದಾಖಲೆ ಬರೆಯುವ ಅಧಿಕಾರಿ ಜನವರಿಯಲ್ಲಿ ಬಂದರೆ ಅಲ್ಲಿ ಒಣ ಹುಲ್ಲಲ್ಲದೆ ಬೇರೇನೂ ಸಿಗುವುದಿಲ್ಲ. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಹೊಂಗೆ, ಬೇವು, ಸೀತಾಫಲ ಧಾರಾಳ. ಖಾಲಿ ಕಂಡಲ್ಲೆಲ್ಲ ಗುಂಡಿ ತೋಡಿ ಮರ ನೆಡುವುದೇ ಪರಿಸರ ಸೇವೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆ ಗುಂಡಿ ತೋಡುವಾಗ ಎಷ್ಟು ಅಡವಿ ಈರುಳ್ಳಿ ಹಾರೆಗೆ ಸಿಕ್ಕವೋ ಎಣಿಸಿದವರಿಲ್ಲ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ, ತೋಟಗಾರಿಕೆ ಸಂಶೋಧನಾ ಕೇಂದ್ರದಂಥ ಜಾಗದಲ್ಲಿ ಒಂದೆರಡು ಮಡಿ ಈ ಗೆಡ್ಡೆಗಳಿಗೆ ಮೀಸಲಿಟ್ಟರೆ ಖರ್ಚು ತೀರಾ ಕಡಿಮೆ. ನೀರಿನ ಖರ್ಚಂತೂ ಇಲ್ಲವೇ ಇಲ್ಲ.

ಸರ್ಕಾರಿ ಮಡಿಗೆ ಕಾಯದೆ ರೈತರು ತಾವೇ ಮಾಡಬಹುದಾದ್ದು ಬದುವಿನ ಕೆಲಸ. ಬೇಸಿಗೆ ಮುಗಿಯುವ ಹೊತ್ತಿಗೆ ಕೂಡಿಟ್ಟ ಬೀಜವನ್ನು, ಹಿತ್ತಲಲ್ಲಿ ಹೆಚ್ಚಾದ ಮರಿಗೆಡ್ಡೆಗಳನ್ನು ಸ್ವಂತ ಹೊಲದ ಕಲ್ಲು ಬದುವಿಗೆ, ನೇಗಿಲು, ಟ್ರ್ಯಾಕ್ಟರ್ ಮುಟ್ಟದ ಅಂಚಿಗೆ ಸಾಲಾಗಿ ಹಾಕಬಹುದು. ಮಕ್ಕಳು ಓಡಾಡುವ ಜಾಗ ತಪ್ಪಿಸಿ, ಕೂಲಿಗೆ ಬರುವವರಿಗೂ ಇದು ತಿನ್ನುವ ಈರುಳ್ಳಿಯಲ್ಲ ಎಂದು ಹೇಳಿಬಿಡಿ. ಅಕ್ಕಪಕ್ಕದವರ ಮೇಕೆ ನುಗ್ಗಿ ತಿಂದಿತು ಎಂಬ ಜಗಳಕ್ಕೆ ಮಾತ್ರ ಇಲ್ಲಿ ಆಸ್ಪದವಿಲ್ಲ.